ಹನ್ನೊಂದನೆಯ ಕಲ್ಲು

ನಮ್ಮೂರಿನಿಂದ ಆಚೆಪೇಟೆಗೆ ಇಪ್ಪತ್ತನಾಲ್ಕು ಕಲ್ಲುಗಳ ದಾರಿ. ಕಲ್ಲಿಗೂ ಕಲ್ಲಿಗೂ ಅರ್ಧ ಮೈಲಿ. ಕಾಲಿನಿಂದ ತುಳಿದು ಚೈನಿನಿಂದ ತಿರುಗಿಸುವ ಚಕ್ರಕ್ಕೆ ಮಾತ್ರ ಆ ದಾರಿ ಮುಗಿಯುತ್ತದೆ. ಎಂಟನೆಯ ಕಲ್ಲಿನಾಚೆ ಒಂದು ಜೀಪು ನನ್ನ ಚಿಕ್ಕಂದಿನಿಂದಲೂ ಧೂಳೆಬ್ಬಿಸಿಕೊಂಡು ಓಡುತ್ತಲೇ ಇದೆ. ಒಂಬತ್ತನೆಯದನ್ನು ಇನ್ನೂ ಮುಟ್ಟಿಲ್ಲ. ಹದಿನಾರನೆಯ ಕಲ್ಲಿನ ಹತ್ತಿರ ಕೊಡೆ ಹಿಡಿದ ಹೆಂಗಸೊಬ್ಬಳು ಆಚೆಪೇಟೆಯ ಕಡೆಗೆ ನಡೆಯುತ್ತಿರುತ್ತಾಳೆ. ಎಷ್ಟು ಜೋರಾಗಿ ತುಳಿದರೂ ಅವಳು ಮುಂದೆಯೇ ಇರುತ್ತಾಳೆ. ಹದಿನೇಳನೆಯ ಕಲ್ಲು ದಾಟಿ ತಿರುಗಿ ನೋಡಿದರೆ ಹಿಂದೆ ಇರುತ್ತಾಳೆ. ಅವಳ ಪಕ್ಕದಲ್ಲಿ ಹಾದುಹೋದದ್ದು ಯಾವಾಗ ಎಂದು ಯಾವ ಸವಾರನಿಗೂ ಹೇಳಲು ಬಂದಿಲ್ಲ.

ಹಾಗಾಗಿ ನಮ್ಮಲ್ಲಿ ಮಕ್ಕಳಿಗೆ ಅಕ್ಷರಕ್ಕೆ ಮುಂಚೆ ಚೈನು ಕಲಿಸುತ್ತಾರೆ. ಏಳು ವರ್ಷಕ್ಕೆ ಕಟ್ಟರ್ ಹಿಡಿದು ಕೊಂಡಿಯ ಪಿನ್ನು ತಳ್ಳಲು ಬರಬೇಕು. ಪಿನ್ನನ್ನು ಪೂರ್ತಿ ಬೀಳಿಸಬಾರದು, ಹೊರಪಟ್ಟಿಯ ತೂತಿನಲ್ಲಿ ಚೂರು ಕಚ್ಚಿಕೊಂಡಿರುವಂತೆ ಬಿಡಬೇಕು; ಬಿದ್ದರೆ ಮತ್ತೆ ಕೂಡಿಸುವುದು ಕಷ್ಟ. ಅದಕ್ಕೂ ಮೊದಲಿನ ಪಾಠ, ಕೂರುವುದು. ದಾರಿಯಲ್ಲಿ ಚೈನು ತುಂಡಾದರೆ ಇಳಿದಲ್ಲೇ ಕೂರು, ರಿಪೇರಿ ಮಾಡು, ಆಗದಿದ್ದರೆ ಇನ್ನೊಂದು ಸೈಕಲ್ಲು ಬರುವವರೆಗೆ ಕಾಯಿ, ಅದರ ಕ್ಯಾರಿಯರ್ ಹತ್ತಿಕೊಂಡು ಹೋಗು. ನಡೆಯಬೇಡ. ಹತ್ತು ಹೆಜ್ಜೆಯವರೆಗೆ ಪರವಾಗಿಲ್ಲ ಎನ್ನುತ್ತಾರೆ. ಹನ್ನೊಂದನೆಯ ಹೆಜ್ಜೆಯನ್ನು ಯಾರೂ ಪ್ರಯೋಗ ಮಾಡಿ ನೋಡಿಲ್ಲ, ಅಥವಾ ನೋಡಿದವರು ಬಂದು ಹೇಳಿಲ್ಲ.

ನಾನು ಆಚೆಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬಂದವನು. ಆ ಒಂದು ಕಾರಣಕ್ಕೆ ಪಂಚಾಯಿತಿಯವರು ನನ್ನನ್ನು ದಾರಿಯ ಗೇಟಿನಲ್ಲಿ ಚೈನು ಅಳೆಯಲು ಕೂರಿಸಿದರು. ಹತ್ತೊಂಬತ್ತು ವರ್ಷ ಕೂತೆ. ಕೆಲಸ ಸರಳ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಉಕ್ಕಿನ ಸ್ಕೇಲಿಡಬೇಕು. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಕೊಂಡಿಗೆ ಸರಿಯಾಗಿ ಹನ್ನೆರಡು ಇಂಚು. ತುಳಿದು ತುಳಿದು ಪಿನ್ನುಗಳು ಸವೆದಂತೆ ಚೈನು ಉದ್ದವಾಗುತ್ತದೆ. ಹನ್ನೆರಡರ ಮೇಲೆ ಒಂದು ನೂಲು, ಎಂದರೆ ಇಂಚಿನ ಎಂಟರಲ್ಲಿ ಒಂದು ಭಾಗ, ದಾಟಿದರೆ ಆ ಚೈನು ಹೊರಗೆ ಹೋಗುವಂತಿಲ್ಲ. ದಾಟಿರದಿದ್ದರೆ ಮಡ್‌ಗಾರ್ಡಿನ ಮೇಲೆ ಸುಣ್ಣದಕಡ್ಡಿಯಲ್ಲಿ ಒಂದು ಗೀಟು ಹಾಕುತ್ತೇನೆ. ನನ್ನ ಗೀಟು ಬಿದ್ದ ಸೈಕಲ್ಲು ಎಂದರೆ ಜನ ಹೆಂಡತಿ ಮಕ್ಕಳನ್ನು ಧೈರ್ಯವಾಗಿ ಕೂರಿಸಿಕೊಂಡು ಹೋಗುತ್ತಿದ್ದರು.

ಒಂದು ಕಡೆ ಮಾತ್ರ ಸ್ಕೇಲು ಇಡುವಂತಿರಲಿಲ್ಲ. ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ತಂದೆ ತನ್ನ ಚೈನಿನಿಂದ ಒಂದು ಜೊತೆ ಕೊಂಡಿ ಬಿಚ್ಚಿ ಅಳಿಯನ ಚೈನಿಗೆ ಸೇರಿಸುತ್ತಾನೆ. ಅದಕ್ಕೆ ಬೀಗರ ಕೊಂಡಿ ಎಂದು ಹೆಸರು. ಚೈನು ಸವೆದರೆ ಚೈನನ್ನು ಬದಲಾಯಿಸುತ್ತಾರೆ, ಬೀಗರ ಕೊಂಡಿಯನ್ನು ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳುತ್ತಾರೆ. ಹಬ್ಬಕ್ಕೊಮ್ಮೆ ಅರಿಶಿನ ಹಚ್ಚುತ್ತಾರೆ. ಎಣ್ಣೆಯೂ ಅರಿಶಿನವೂ ಧೂಳೂ ಸೇರಿ ಅದರ ಮೇಲೆ ಒಂದು ಗಟ್ಟಿ ಪದರ ಕೂತಿರುತ್ತದೆ. ಅದನ್ನು ಯಾರೂ ಕೆರೆಯುವುದಿಲ್ಲ. ಅದರ ಮೇಲೆ ಸ್ಕೇಲಿಡುವುದೆಂದರೆ ಹೆಣ್ಣು ಕೊಟ್ಟವರ ಯೋಗ್ಯತೆಗೆ ಸ್ಕೇಲಿಟ್ಟಂತೆ. ಹಾಗಾಗಿ ನಾನು ಯಾವಾಗಲೂ ಅದರ ಎದುರು ಬದಿಯ ಇಪ್ಪತ್ತನಾಲ್ಕು ಕೊಂಡಿಯನ್ನೇ ಅಳೆಯುತ್ತಿದ್ದೆ.

ಗೊತ್ತಿಲ್ಲದೆ ಅಳೆಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ಸಾಧ್ಯವಿಲ್ಲ. ದಾರಿಯಲ್ಲಿ ತುಂಡಾದ ಪ್ರತಿಯೊಂದು ಚೈನನ್ನೂ ತರಿಸಿಕೊಂಡು ನೋಡುವುದು ನನ್ನ ಅಭ್ಯಾಸ. ಹತ್ತು ವರ್ಷದಲ್ಲಿ ಅರವತ್ತೊಂದು ಚೈನು ನೋಡಿದ್ದೆ. ನಲವತ್ತಮೂರು ತುಂಡಾಗಿದ್ದುದು ಬೀಗರ ಕೊಂಡಿಯಲ್ಲಿ, ಇಲ್ಲವೇ ಅದರ ಪಕ್ಕದ ಕೊಂಡಿಯಲ್ಲಿ. ಹೊಸ ಚೈನಿನಲ್ಲಿ ಹಳೆಯ ಕೊಂಡಿ ಕೂತರೆ ಚಕ್ರದ ಹಲ್ಲಿನ ಮೇಲೆ ಬರುವಾಗ ಎಲ್ಲ ಎಳೆತವೂ ಅದರ ಮೇಲೇ ಬೀಳುತ್ತದೆ. ಇದಕ್ಕೆ ಭೌತಶಾಸ್ತ್ರವೇನೂ ಬೇಕಿಲ್ಲ. ಒಂದು ಸಲ ಪಂಚಾಯಿತಿ ಸಭೆಯಲ್ಲಿ ಇದನ್ನು ಹೇಳಲು ಎದ್ದು ನಿಂತೆ. ಎರಡು ವಾಕ್ಯ ಆಗುವಷ್ಟರಲ್ಲಿ ಯಾರೋ ಹಿಂದಿನಿಂದ, "ಹಾಲಪ್ನೋರೇ, ನಿಮ್ಮಳಿಯಂದಿರು ನಿಮಗೇ ಅಳತೆಪಟ್ಟಿ ಹಿಡಿಯಂಗೆ ಕಾಣ್ತದೆ!" ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಮಾವ ಹಾಲಪ್ಪನವರೂ ನಕ್ಕರು, ಆದರೆ ನನ್ನ ಕಡೆ ನೋಡಲಿಲ್ಲ. ನಾನು ಕೂತುಬಿಟ್ಟೆ.

ನಾನು ಹೇಳಹೊರಟ ದಿನ ಬೆಳಿಗ್ಗೆ ಗೇಟಿನಲ್ಲಿ ಎಂಟು ಹತ್ತು ಸೈಕಲ್ಲುಗಳ ಸಾಲು ಇತ್ತು. ಬಳೆ ವ್ಯಾಪಾರದ ಓಬಳೇಶಿಯ ಸರದಿ ಬಂತು. ಅವನು ವಾರಕ್ಕೊಮ್ಮೆ ಆಚೆಪೇಟೆಯ ಸಂತೆಗೆ ಹೋಗುವವನು. ಕ್ಯಾರಿಯರಿನ ಮೇಲೆ ಬಳೆಯ ಪೆಟ್ಟಿಗೆ, ಬಾಯಲ್ಲಿ ಎಲೆಯಡಿಕೆ. ಚೈನು ಹಿಡಿದಾಗಲೇ ನನಗೆ ಗೊತ್ತಾಯಿತು, ಕೈಯಲ್ಲಿ ಹುರಿಯ ಹಾಗೆ ಜೋಲುತ್ತಿತ್ತು. ಸ್ಕೇಲಿಟ್ಟೆ. ಹನ್ನೆರಡು ಇಂಚು, ಒಂದೂವರೆ ನೂಲು.

"ಆಗಲ್ಲ ಓಬಳೇಶಿ."

"ಅಯ್ಯೋ ಅರ್ಧ ನೂಲಿಗೆ ಏನ್ ಸಾರ್ ನೀವು! ಬಳೆ ಆದ್ರೆ ಚೂರು ಸೋಪು ಹಚ್ಚಿ ತೂರಿಸ್ಬೋದಿತ್ತು."

"ಕೈಗೆ ಸೋಪು ಹಚ್ಚಬಹುದು. ಇದು ತುಂಡಾದರೆ ಏನು ಹಚ್ತೀಯ?"

"ಹೋದ ತಿಂಗ್ಳು ಸ್ಪೇರು ಜೊತೇನೂ ಇದಕ್ಕೇ ಹಾಕಿದೀನಿ ಸಾರ್. ಗಟ್ಟಿ ಐತೆ. ಸಂತೆ ತಪ್ಪೋಗ್ತದೆ."

"ಸ್ಪೇರೂ ಇಲ್ಲವಾ? ಹಂಗಿದ್ರೆ ಮಾತೇ ಇಲ್ಲ. ಪಕ್ಕಕ್ಕೆ ಬಾ."

ಅವನು ಬೈದುಕೊಳ್ಳುತ್ತ ಹುಣಸೆಮರದ ಕೆಳಗೆ ಸೈಕಲ್ಲು ಒರಗಿಸಿ ಕೂತ. ನನ್ನ ಜೊತೆ ಗೇಟಿನಲ್ಲಿದ್ದ ದ್ಯಾಮಣ್ಣ ಕಿಸಕ್ಕೆಂದ. ದ್ಯಾಮಣ್ಣನ ಕೆಲಸ ಹೆಸರು ಬರೆದುಕೊಳ್ಳುವುದು, ಬಂದವರನ್ನು ಹೋದವರನ್ನು ಮಾತಾಡಿಸುವುದು. ಅವನು ಅಳತೆಗಿಂತ ಮನುಷ್ಯರ ಮುಖ ನೋಡುವವನು.

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಗೌರಕ್ಕ ಏದುಸಿರು ಬಿಡುತ್ತ ಬಂದರು. ನನ್ನ ಹೆಂಡತಿ ಶಿವಗಂಗಳಿಗೆ ಹಿಂದಿನ ದಿನದಿಂದ ಹೊಟ್ಟೆನೋವಿತ್ತು. ಓಮದ ಕಷಾಯ ಕುಡಿದು ಮಲಗಿದ್ದವಳನ್ನು ಬಿಟ್ಟು ಬಂದಿದ್ದೆ. "ನೋವು ಬಲಗಡೆಗೆ ಇಳಿದೈತೆ ಕಣಪ್ಪ, ಕಾಲು ಚಾಚಕ್ಕೂ ಆಗ್ತಿಲ್ಲ ಅದಕ್ಕೆ. ಇದು ಕಷಾಯದ್ದಲ್ಲ," ಎಂದರು ಗೌರಕ್ಕ. ಆಸ್ಪತ್ರೆ ಇರುವುದು ಆಚೆಪೇಟೆಯಲ್ಲಿ. ಸ್ಕೇಲನ್ನು ದ್ಯಾಮಣ್ಣನ ಕೈಗೆ ಕೊಟ್ಟು ಮನೆಗೆ ಓಡಿದೆ.

ಅವಳು ತಾನೇ ಎದ್ದು ಸೀರೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಒಂದು ಕೈ ಬಾಗಿಲಕಂಬದ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮುಖ ಬೂದಿ ಬಣ್ಣವಾಗಿತ್ತು. ಕ್ಯಾರಿಯರಿಗೆ ದಿಂಬು ಕಟ್ಟಿದೆ. ನನ್ನ ಚೈನನ್ನು ಸೋಮವಾರವಷ್ಟೇ ಅಳೆದಿದ್ದೆ: ಹನ್ನೆರಡು ಇಂಚು, ಕಾಲು ನೂಲು. ಆದರೂ ಮತ್ತೊಮ್ಮೆ ಕೈಯಾಡಿಸಿ ನೋಡಿದೆ. "ಮಾಡಿ ಮಾಡಿ, ಜಾತಕಾನೂ ನೋಡ್ಬಿಡಿ ಅದರದ್ದು," ಎಂದು ಹಲ್ಲು ಕಚ್ಚಿಕೊಂಡೇ ಅಂದಳು.

ಹತ್ತು ನಲವತ್ತಕ್ಕೆ ಗೇಟು ದಾಟಿದೆವು. ಆ ಹೊತ್ತಿನಲ್ಲಿ ಹೊರಡುವವರು ಕಡಿಮೆ. ಸಂತೆಗೆ ಹೋಗುವವರು ಆಗಲೇ ತಲುಪಿರುತ್ತಾರೆ, ಉಳಿದವರು ಬಿಸಿಲು ಇಳಿದ ಮೇಲೆ ಹೋಗುತ್ತಾರೆ. ಖಾಲಿ ದಾರಿ, ಎರಡೂ ಕಡೆ ಬೋಳು ಬಯಲು. ಚಕ್ರ ಕುಣಿಯದಂತೆ ಒಂದೇ ಹದದಲ್ಲಿ ತುಳಿಯುತ್ತಿದ್ದೆ. ಪ್ರತಿ ಹಳ್ಳಕ್ಕೂ ಅವಳ ಬೆರಳುಗಳು ನನ್ನ ಸೊಂಟವನ್ನು ಹಿಂಡುತ್ತಿದ್ದವು. ಬಾಯಿಂದ ಸದ್ದು ಬರುತ್ತಿರಲಿಲ್ಲ. ಜೀಪು ಕಾಣಿಸಿತು, ಮರೆಯಾಯಿತು. ಹನ್ನೊಂದನೆಯ ಕಲ್ಲಿನ ಹತ್ತಿರ ಸ್ವಲ್ಪ ಏರು ಇದೆ. ಅಲ್ಲಿ ಪೆಡಲಿನ ಮೇಲೆ ಭಾರ ಹಾಕಿದೆ. ಕಟಕ್ ಎಂದಿತು. ಕಾಲು ಗಾಳಿಯಲ್ಲಿ ತುಳಿದಂತೆ ಕೆಳಗೆ ಬಿತ್ತು, ಹಿಂದಿನ ಚಕ್ರ ಕರ್ರೆಂದು ಸದ್ದು ಮಾಡಿ ನಿಂತಿತು. ಹೇಗೋ ಕಾಲೂರಿ ಬೀಳದಂತೆ ಹಿಡಿದುಕೊಂಡೆ.

ಅವಳನ್ನು ಇಳಿಸಿ ಕಲ್ಲಿಗೆ ಒರಗಿಸಿ ಕೂರಿಸಿದೆ. ದಿಂಬನ್ನು ಬೆನ್ನಿಗೆ ಕೊಟ್ಟೆ. ಆಮೇಲೆ ಚೈನು ನೋಡಿದೆ. ಬೀಗರ ಕೊಂಡಿಯ ಹೊರಪಟ್ಟಿ ತೂತಿನ ಹತ್ತಿರ ಸೀಳಿತ್ತು. ಸೀಳಿನ ಮುಕ್ಕಾಲು ಭಾಗ ಕಪ್ಪಗಿತ್ತು, ಕಾಲು ಭಾಗ ಮಾತ್ರ ಹೊಳೆಯುತ್ತಿತ್ತು. ಎಂದರೆ ಆ ಬಿರುಕು ಎಷ್ಟೋ ತಿಂಗಳ ಹಿಂದೆಯೇ ಶುರುವಾಗಿ ಅರಿಶಿನದ ಪದರದ ಕೆಳಗೆ ಬೆಳೆಯುತ್ತ ಬಂದಿತ್ತು. ಇವತ್ತು ಒಡೆದದ್ದು ಉಳಿದಷ್ಟು. ತುಂಡಾದ ತುದಿ ಹಾರಿ ಫ್ರೀವೀಲಿನ ಸಂದಿಗೆ ಸಿಕ್ಕಿಕೊಂಡು ಪಕ್ಕದ ಇನ್ನೊಂದು ಜೊತೆಯನ್ನೂ ತಿರುಚಿ ಹಾಕಿತ್ತು. ಎರಡು ಜೊತೆ ಹೋಗಿತ್ತು. ನನ್ನ ಹತ್ತಿರ ನಿಯಮದ ಪ್ರಕಾರ ಒಂದು ಸ್ಪೇರು ಜೊತೆ ಮಾತ್ರ ಇತ್ತು.

ಕೆಟ್ಟ ನಾಲ್ಕು ಕೊಂಡಿಯನ್ನು ಕಟ್ಟರಿನಿಂದ ಬಿಡಿಸಿದೆ, ಸ್ಪೇರು ಜೊತೆಯನ್ನು ಕೂಡಿಸಿದೆ, ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಮುಂದಕ್ಕೆ ತಳ್ಳಿದೆ. ಹೋದ ವರ್ಷ ಒಂದು ಸಲ ಇದೇ ಚೈನನ್ನು ದಾರಿಯಲ್ಲಿ ಮೊಟಕು ಮಾಡಿದ್ದೆ, ಹಾಗಾಗಿ ಚಕ್ರ ಆಗಲೇ ಮುಂದಿತ್ತು. ಎಷ್ಟು ಎಳೆದರೂ ಎರಡು ತುದಿಗಳ ನಡುವೆ ಅರ್ಧ ಬೆರಳು ಉಳಿಯಿತು. ಪಂಚೆಯ ಅಂಚು ಹರಿದು ದಾರ ಮಾಡಿ ಕಟ್ಟಿ ಎಳೆದೆ. ಆಗಲಿಲ್ಲ. ಕೈಯೆಲ್ಲ ಎಣ್ಣೆ, ಬೆರಳಿನ ಸಂದಿಯಲ್ಲಿ ರಕ್ತ.

"ಬರಲ್ವಾ?" ಎಂದಳು.

"ಇಲ್ಲ. ಯಾರಾದರೂ ಬರ್ತಾರೆ."

"ಎಲ್ಲಿ ಕಿತ್ತೋಯ್ತು?"

ಅವಳು ನೆಲದ ಮೇಲೆ ಬಿದ್ದಿದ್ದ ಹಳದಿ ಚೂರನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು. "ಅಪ್ಪನಿಗೆ ಹೇಳ್ಬೇಡಿ," ಎಂದಳು.

ಹನ್ನೊಂದು ನಲವತ್ತಕ್ಕೆ ಊರಿನ ಕಡೆಯಿಂದ ಒಂದು ಸೈಕಲ್ಲು ಕಾಣಿಸಿತು. ನಾನು ಗಡಿಯಾರ ನೋಡಿಕೊಂಡದ್ದು ಅಭ್ಯಾಸಬಲದಿಂದ. ಆಮೇಲೆ ಆ ಗಂಟೆಗಳೆಲ್ಲ ನನಗೆ ಬಾಯಿಪಾಠವಾದವು. ಹತ್ತಿರ ಬಂದಾಗ ನೋಡಿದರೆ ಓಬಳೇಶಿ. ಚೈನು ಕವರಿಗೆ ಬಡಿಯುವ ಸದ್ದು ಅವನಿಗಿಂತ ಮೊದಲೇ ಬಂದಿತ್ತು. ಅವನ ಮಡ್‌ಗಾರ್ಡಿನ ಮೇಲೆ ಒಂದು ವಕ್ರ ಗೀಟು, ದ್ಯಾಮಣ್ಣನ ಕೈಯದು.

ನನ್ನನ್ನು ಕಂಡು ಮೊದಲು ಹೆದರಿದ. ಆಮೇಲೆ ಶಿವಗಂಗಳನ್ನು ನೋಡಿ ಸೈಕಲ್ಲನ್ನು ಹಾಗೇ ಬೀಳಿಸಿ ಬಂದ. "ಏನಾಯ್ತು ಅಕ್ಕಾ?" ಅವಳು ಹೊಟ್ಟೆ ತೋರಿಸಿದಳು. ಅವನು ಎರಡನೆಯ ಪ್ರಶ್ನೆ ಕೇಳಲಿಲ್ಲ, ಕ್ಯಾರಿಯರಿನಿಂದ ಬಳೆ ಪೆಟ್ಟಿಗೆ ಬಿಚ್ಚತೊಡಗಿದ. "ಪೆಟ್ಟಿಗೆ ಇಲ್ಲೇ ಇರ್ಲಿ. ಅಕ್ಕ ಕೂತ್ಕಳ್ಳಿ. ಮುಕ್ಕಾಲು ಗಂಟೇಲಿ ಆಸ್ಪತ್ರೆ ಬಾಗ್ಲಲ್ಲಿ ಇಳಿಸ್ತೀನಿ."

"ತಡಿ," ಎಂದೆ.

"ಏನ್ ತಡಿಯೋದು ಸಾರ್?"

"ನಿನ್ನ ಚೈನು ಒಂದೂವರೆ ನೂಲು ಹೋಗಿದೆ. ಒಬ್ಬನಿಗೇ ಕಷ್ಟ. ಇಬ್ಬರ ಭಾರಕ್ಕೆ ಅದು ಮೂರು ಕಲ್ಲು ಬಾಳಲ್ಲ. ಸ್ಪೇರೂ ಇಲ್ಲ ನಿನ್ನ ಹತ್ತಿರ."

"ಇಲ್ಲೀತಂಕ ಬಂದೀನಲ್ಲ?"

"ಒಬ್ಬನೇ ಬಂದಿದೀಯ."

ಅವನ ಚೈನಿನಿಂದ ಒಂದು ಜೊತೆ ತೆಗೆದು ನನ್ನದಕ್ಕೆ ಹಾಕಲು ಬರುತ್ತದೆಯೇ ಎಂದೂ ನೋಡಿದೆ. ಅವನದು ಸಣ್ಣ ಅಗಲದ ಚೈನು, ನನ್ನದು ದಪ್ಪನೆಯದು, ಕೂಡುವುದಿಲ್ಲ. ಮತ್ತೆ ಲೆಕ್ಕ ಹಾಕಿದೆ. ಹದಿಮೂರು ಕಲ್ಲು ಉಳಿದಿದೆ. ಹದಿನಾಲ್ಕರಲ್ಲೋ ಹದಿನೈದರಲ್ಲೋ ಚೈನು ಹೋದರೆ ನೆರಳಿಲ್ಲದ ಕಡೆ, ನಾನಿಲ್ಲದ ಕಡೆ, ನೋವಿನಲ್ಲಿ ಅವಳು ಬೀಳುತ್ತಾಳೆ. ನೋವು ತಡೆಯಲಾರದೆ ಎದ್ದು ನಡೆದರೆ? ಇವನು ಗಾಬರಿಯಾಗಿ ಹೊತ್ತುಕೊಂಡು ನಡೆದರೆ? ಕೊಡೆಯ ಹೆಂಗಸಿನ ಹಿಂದೆ ಇನ್ನೆರಡು ಆಕೃತಿಗಳು ನನ್ನ ಕಣ್ಣಿಗೆ ಕಟ್ಟಿದವು. ಇಲ್ಲಿಯಾದರೆ ಕೂತಿದ್ದೇವೆ, ನೀರಿದೆ, ಕಲ್ಲಿದೆ. ಕೂರುವುದು ಕ್ಷೇಮ. ಹತ್ತೊಂಬತ್ತು ವರ್ಷ ನಾನು ಜನರಿಗೆ ಹೇಳಿದ್ದು ಇದನ್ನೇ.

ಶಿವಗಂಗ ಕಲ್ಲು ಹಿಡಿದು ಮೇಲೇಳಲು ನೋಡಿದಳು. "ನಾನು ಕೂತ್ಕೋತೀನಿ ಬಿಡ್ರಿ. ಆದದ್ದಾಗ್ಲಿ."

"ಬೇಡ."

"ರೀ, ತಡ್ಕೊಳ್ಳೋಕಾಗ್ತಿಲ್ಲ."

"ನನಗೆ ಗೊತ್ತಿರೋದನ್ನ ಹೇಳ್ತಿದೀನಿ ಗಂಗಾ. ಆ ಚೈನು ತುಂಡಾಗುತ್ತೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಮತ್ತೆ ಕೂತಳು. "ಹೋಗಪ್ಪ ಓಬಳೇಶಿ," ಎಂದಳು. "ನಮ್ಮನೇರು ಹೇಳಿದ್ಮೇಲೆ ಮುಗೀತು. ಇಪ್ಪತ್ತೆರಡು ವರ್ಷದಿಂದ ಅನ್ನಕ್ಕೆ ನೀರೂ ಅಳೆದೇ ಇಡಿಸಿದಾರೆ, ಒಂದಿನ ತಳ ಹಿಡಿದಿಲ್ಲ."

ಓಬಳೇಶಿ ತನ್ನ ಸೈಕಲ್ಲನ್ನು ಎತ್ತಿ ನಿಲ್ಲಿಸಿದ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟ, ಹಗುರಾದರೆ ಬೇಗ ಹೋಗಬಹುದೆಂದು. "ಆಸ್ಪತ್ರೇಲಿ ಯಾರ್ದಾದ್ರೂ ಹೊಸ ಚೈನಿನ ಗಾಡಿ ತಗಂಡು ಬತ್ತೀನಿ. ನಿಮಗೂ ಒಂದು ಜೊತೆ ದಪ್ಪ ಕೊಂಡಿ ತತ್ತೀನಿ," ಎಂದು ಹತ್ತಿದ. ಆ ಬಡಿತದ ಸದ್ದು ಬಹಳ ದೂರದವರೆಗೆ ಕೇಳುತ್ತಿತ್ತು. ಅದು ಎಲ್ಲಿ ನಿಲ್ಲುತ್ತದೋ ಎಂದು ನಾನು ಕಿವಿಯಿಟ್ಟು ಕೂತಿದ್ದೆ. ನಿಲ್ಲಲಿಲ್ಲ, ಸಣ್ಣದಾಗುತ್ತ ಹೋಗಿ ಬಯಲಿನಲ್ಲಿ ಕರಗಿತು.

ಪಂಚೆಯ ಉಳಿದ ಭಾಗವನ್ನು ಹ್ಯಾಂಡಲಿಗೂ ಕಲ್ಲಿಗೂ ಕಟ್ಟಿ ಅವಳ ತಲೆಯ ಮೇಲೆ ನೆರಳು ಮಾಡಿದೆ. ನೀರು ಕೊಟ್ಟೆ, ವಾಂತಿಯಾಯಿತು. ಮೊಣಕಾಲು ಎದೆಗೆ ಒತ್ತಿಕೊಂಡು ಒಂದು ಮಗ್ಗುಲಾಗಿ ಮಲಗಿ ಅವಳು ನೆಲದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹಾಗೆ ಒಂದು ಗಂಟೆಗೂ ಮೇಲಾಯಿತು. ನಾನು ಅವಳ ಕಾಲು ಹಿಡಿದು ಕೂತಿದ್ದೆ. ಬೇರೆ ಏನು ಮಾಡಬಹುದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಹನ್ನೆರಡು ಐವತ್ತಕ್ಕೆ ಅವಳು ಸುಮ್ಮನಾದಳು. ಪ್ರಜ್ಞೆ ತಪ್ಪಿತೇನೋ ಎಂದು ಬಗ್ಗಿದೆ. ಕಣ್ಣು ಬಿಟ್ಟುಕೊಂಡಿದ್ದಳು, ಆಶ್ಚರ್ಯಪಟ್ಟವಳ ಹಾಗೆ.

"ಹೋಯ್ತು ರೀ," ಎಂದಳು.

"ಏನು?"

"ನೋವು. ಪಟ್ ಅಂತ ಏನೋ ಬಿಟ್ಟಂಗಾಯ್ತು. ಹೋಯ್ತು."

ಅವಳು ತಾನೇ ಎದ್ದು ಕೂತಳು. ಬೆವರು ಒರೆಸಿಕೊಂಡಳು. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಬೇಕು, ಬಿಡುವಂತಿಲ್ಲ. ನಾನು ಸರಿಯಾದದ್ದನ್ನೇ ಮಾಡಿದೆ ಎಂದುಕೊಂಡೆ. ಆ ಗುಜರಿ ಚೈನಿನ ಮೇಲೆ ಕಳಿಸದೆ ಉಳಿಸಿಕೊಂಡೆ, ಕಾದೆವು, ಕಾದದ್ದಕ್ಕೆ ಫಲ ಸಿಕ್ಕಿತು ಎಂದುಕೊಂಡೆ. ಅವಳಿಗೂ ಹಾಗೇ ಅನ್ನಿಸಿರಬೇಕು. "ಈಗ ಬೇಕಾದ್ರೆ ನಡೆದೇ ಹೋಗ್ಬಲ್ಲೆ. ಹೋಗೋಣ್ವಾ? ಕೊಡೆ ಹೆಂಗಸಿಗೆ ಜೊತೆಯಾಗ್ತದೆ," ಎಂದು ನಕ್ಕಳು. ನಾನೂ ನಕ್ಕೆ.

ಆಮೇಲೆ ಓಬಳೇಶಿಯ ಪೆಟ್ಟಿಗೆ ತೆರೆದಳು. "ಅವನು ಬರೋದ್ರೊಳಗೆ ಎಲ್ಲಾ ನೋಡ್ಬಿಡ್ತೀನಿ. ಅಂಗಡೀಲಿ ಆದ್ರೆ ಹಿಂದೆ ನಿಂತವರು ದೂಡ್ತಾರೆ." ಕಾಗದದಲ್ಲಿ ಸುತ್ತಿದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಬಿಸಿಲಿಗೆ ಹಿಡಿದು ನೋಡಿದಳು. ಹಸಿರು ಬಳೆ ಆರಿಸಿ ಕೈಗೆ ಏರಿಸಿಕೊಳ್ಳಲು ನೋಡಿದಳು, ಗೆಣ್ಣಿನ ಹತ್ತಿರ ನಿಂತಿತು. "ಇದು ಎರಡೂಕಾಲು, ನಂದು ಎರಡೂವರೆ. ಅಳತೆಗಾರನ ಹೆಂಡತಿ ಆಗಿ ಇದೂ ಗೊತ್ತಾಗ್ಲಿಲ್ಲ ನೋಡಿ." ಸರಿಯಾದ ಕಟ್ಟು ಸಿಕ್ಕಿದ ಮೇಲೆ ಎರಡೂ ಕೈಗೆ ಆರಾರು ಹಾಕಿಕೊಂಡಳು. ಕೈ ಅಲ್ಲಾಡಿಸಿ ಸದ್ದು ಕೇಳಿದಳು. ಅವಳ ಮದುವೆಯ ದಿನ ಹಾಲಪ್ಪನವರು ಕೊಂಡಿ ಬಿಚ್ಚುವಾಗ ಪಿನ್ನು ಸಿಡಿದು ಪುರೋಹಿತರ ಕಣ್ಣಿಗೆ ಬಡಿದ ಕಥೆಯನ್ನು ಹೇಳಿದಳು. ನಾನು ಅದನ್ನು ಎಷ್ಟೋ ಸಲ ಕೇಳಿದ್ದೆ. ಅಷ್ಟು ಖುಷಿಯಾಗಿ ಅವಳು ಅದನ್ನು ಹೇಳಿದ್ದು ಅದೇ ಮೊದಲು. ಹಣೆ ಮುಟ್ಟಿ ನೋಡಿದಾಗ ಬಿಸಿಯಿತ್ತು. ಬಿಸಿಲಿಗೆ ಎಂದುಕೊಂಡೆ.

ಎರಡು ಗಂಟೆಗೆ ಐದು ನಿಮಿಷವಿರುವಾಗ ಓಬಳೇಶಿ ಬಂದ. ಆಸ್ಪತ್ರೆಯ ವಾಚ್‌ಮನ್ನು ಊಟಕ್ಕೆ ಹೋಗಿದ್ದನಂತೆ. ಅವನನ್ನು ಹುಡುಕಿ ಗಾಡಿ ಇಸಿದುಕೊಳ್ಳಲು ಹೊತ್ತಾಯಿತಂತೆ. ಹೊಸ ಚೈನು, ಸದ್ದೇ ಇಲ್ಲ. ನಾನು ಮುಟ್ಟಿ ನೋಡಿ ತಲೆಯಾಡಿಸಿದೆ. ಶಿವಗಂಗ ತಾನೇ ಹೋಗಿ ಕ್ಯಾರಿಯರ್ ಮೇಲೆ ಕೂತಳು. ಕೂತಮೇಲೆ ಅವಳಿಗೆ ನಡುಕ ಬಂತು. ಓಬಳೇಶಿ ತಂದ ಕೊಂಡಿ ಹಾಕಿ ನನ್ನ ಚೈನು ಕೂಡಿಸಿಕೊಂಡು, ಪೆಟ್ಟಿಗೆ ಹೇರಿಕೊಂಡು ನಾನು ಹಿಂದೆ ಹೊರಟೆ. ಎಷ್ಟು ತುಳಿದರೂ ಅವರನ್ನು ಹಿಡಿಯಲಾಗಲಿಲ್ಲ.

ಡಾಕ್ಟರು ವಯಸ್ಸಾದವರು. ಹೊಟ್ಟೆಯನ್ನು ಒಂದು ಸಲ ಮುಟ್ಟಿದರು ಅಷ್ಟೆ, ಹಲಗೆಯಂತೆ ಬಿಗಿದುಕೊಂಡಿತ್ತು. "ನೋವು ಇದ್ದಕ್ಕಿದ್ದಂಗೆ ನಿಂತಿತಾ ನಡುವೆ?" ಎಂದು ನನ್ನನ್ನು ಕೇಳಿದರು.

"ನಿಂತಿತು. ಹನ್ನೆರಡು ಐವತ್ತಕ್ಕೆ."

ಅವರು ತಲೆಯೆತ್ತಿ ನೋಡಿದರು. "ಕರುಳಿನ ತುದಿ, ಅಪೆಂಡಿಕ್ಸು, ಒಡೆದಾಗ ನೋವು ನಿಲ್ಲುತ್ತೆ. ಒಂದೆರಡು ಗಂಟೆ ಆರಾಮ ಅನ್ಸುತ್ತೆ. ಆಗ ಕೀವೆಲ್ಲ ಒಳಗೆ ಹರಡ್ತಿರುತ್ತೆ. ಒಡೆಯೋ ಮುಂಚೆ ಬಂದಿದ್ರೆ ಅರ್ಧ ಗಂಟೆ ಕೆಲಸ."

ಓಬಳೇಶಿ ನನ್ನ ಪಕ್ಕದಲ್ಲೇ ನಿಂತಿದ್ದ. ಅವನು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಆದರೆ ಲೆಕ್ಕ ಯಾರ ಅಪ್ಪಣೆಯನ್ನೂ ಕೇಳದೆ ತಾನಾಗಿ ನಡೆಯಿತು. ಹನ್ನೊಂದು ನಲವತ್ತೈದಕ್ಕೆ ಹೊರಟಿದ್ದರೆ, ಇಬ್ಬರ ಭಾರದಲ್ಲಿ, ಹನ್ನೆರಡೂವರೆಗೆ ಬಾಗಿಲಲ್ಲಿ. ಇಪ್ಪತ್ತು ನಿಮಿಷ ಉಳಿಯುತ್ತಿತ್ತು.

ಆಪರೇಷನ್ ಮಾಡಿದರು. ಎರಡು ದಿನ ಜ್ವರ ಇಳಿಯಲಿಲ್ಲ. ನರ್ಸುಗಳು ಸೂಜಿ ಹಾಕಲು ಬಳೆಗಳನ್ನು ಒಡೆದು ತೆಗೆದರು. ಒಂದು ಸಲ ಎಚ್ಚರವಾದಾಗ, "ಬಳೆ ದುಡ್ಡು ಓಬಳೇಶಿಗೆ ಕೊಟ್ರಾ?" ಎಂದು ಕೇಳಿದಳು. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ತೀರಿಕೊಂಡಳು.

ಓಬಳೇಶಿ ಸಂತೆ ಮುಗಿದಿದ್ದರೂ ಊರಿಗೆ ಹೋಗದೆ ಆಸ್ಪತ್ರೆಯ ಜಗಲಿಯ ಮೇಲೇ ಮಲಗುತ್ತಿದ್ದ. ದೇಹವನ್ನು ಊರಿಗೆ ತರಬೇಕು, ಬೇರೆ ದಾರಿಯಿಲ್ಲ. ನಮ್ಮಲ್ಲಿ ಹೆಣವೂ ಕ್ಯಾರಿಯರಿನ ಮೇಲೇ ಬರಬೇಕು. ಅದಕ್ಕೆಂದೇ ಬೆನ್ನಿಗೆ ಹಲಗೆಯಿರುವ ಒಂದು ಕುರ್ಚಿ ಆಸ್ಪತ್ರೆಯಲ್ಲಿ ಇರುತ್ತದೆ. ಕಟ್ಟಿ, ಬಟ್ಟೆ ಹೊದಿಸಿ, ಸವಾರನ ಬೆನ್ನಿಗೆ ಇನ್ನೊಂದು ಪಟ್ಟಿ ಸುತ್ತುತ್ತಾರೆ. ವಾಚ್‌ಮನ್ನು ಆ ಕುರ್ಚಿಯನ್ನು ನನ್ನ ಸೈಕಲ್ಲಿಗೆ ಕಟ್ಟಲು ಹೋದ.

"ಅದಕ್ಕಲ್ಲ," ಎಂದೆ. "ಓಬಳೇಶಿ, ನಿನ್ನ ಗಾಡಿ ಕೊಡು."

"ಬ್ಯಾಡಿ ಸಾರ್."

"ಕೊಡು."

"ನಿಮ್ದು ಸರಿಯಾಗೈತಲ್ಲ, ಹೊಸ ಕೊಂಡಿ ಹಾಕೀರಲ್ಲ! ನನ್ದು ನಿಮ್ಮ ಅಳತೆಗೆ ಬರಲ್ಲ ಸಾರ್. ಈಗ್ಯಾಕೆ ಇದೆಲ್ಲ? ಅಕ್ಕ ಐತೆ ಮ್ಯಾಲೆ, ದಾರೀಲಿ ಏನಾರ ಆದ್ರೆ..."

"ಆದರೆ ಆಗಲಿ. ನೀನು ನನ್ನ ಗಾಡಿಯಲ್ಲಿ ಹಿಂದೆ ಬಾ."

ನಾನು ಅವನಿಗೆ ಕಾರಣ ಹೇಳಲಿಲ್ಲ. ಅವಳ ತೂಕ ಐವತ್ತೆರಡು ಕಿಲೋ, ಮೂರು ದಿನದಲ್ಲಿ ಹೆಚ್ಚೇನೂ ಕಡಿಮೆಯಾಗಿರಲಾರದು. ನಾನೂ ಓಬಳೇಶಿಯೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಅದೇ ಚೈನು, ಅದೇ ಭಾರ, ಅವತ್ತು ಉಳಿದಿದ್ದ ಅದೇ ಹದಿಮೂರು ಕಲ್ಲು. ಅವನು ಅಳುತ್ತ ಸೈಕಲ್ಲು ತಂದು ನಿಲ್ಲಿಸಿದ. ನಾನು ಅದಕ್ಕೆ ಎಣ್ಣೆಯನ್ನೂ ಬಿಡಲಿಲ್ಲ.

ಎಂಟೂವರೆಗೆ ಹೊರಟೆವು. ಚೈನು ಕವರಿಗೆ ಬಡಿಯುತ್ತಿತ್ತು. ಪ್ರತಿ ಸುತ್ತಿಗೂ ಹಲ್ಲಿನ ಮೇಲೆ ಹತ್ತುವಾಗ ಒಂದು ಸಣ್ಣ ಕುಲುಕು, ಇಳಿಯುವಾಗ ಇನ್ನೊಂದು. ಇಪ್ಪತ್ತಮೂರು, ಇಪ್ಪತ್ತೆರಡು, ಇಪ್ಪತ್ತೊಂದು. ಈಗ ಹೋಗುತ್ತದೆ ಎಂದುಕೊಂಡೆ. ಮೂರು ಕಲ್ಲು ಬಾಳಲ್ಲ ಎಂದಿದ್ದೆ. ಮೂರು ಕಲ್ಲು ಆಯಿತು. ಅವಳ ತಲೆ ಬಟ್ಟೆಯೊಳಗಿಂದ ನನ್ನ ಭುಜದ ಎಲುಬಿಗೆ ತಾಗುತ್ತಿತ್ತು. ಹದಿನೇಳರ ಹತ್ತಿರ ಎದುರಿನಿಂದ ಕೊಡೆಯ ಹೆಂಗಸು ಕಾಣಿಸಿದಳು, ಆಮೇಲೆ ಹಿಂದೆ ಇದ್ದಳು. ಹದಿನಾಲ್ಕರಲ್ಲಿ ನೆಲ ಸ್ವಲ್ಪ ಏರುತ್ತದೆ. ಅಲ್ಲಿ ಸೀಟಿನಿಂದ ಎದ್ದು ನಿಂತೆ. ನಿಂತು, ಇದ್ದಬದ್ದ ಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಹಾಕಿ ತುಳಿದೆ, ಮತ್ತೆ ಇನ್ನೊಂದರ ಮೇಲೆ. ಹಿಂದಿನಿಂದ ಓಬಳೇಶಿ, "ಸಾರ್, ಮೆಲ್ಲಗೆ! ಮೆಲ್ಲಗೆ ಸಾರ್!" ಎಂದು ಕೂಗುತ್ತಿದ್ದ. ತುಂಡಾಗು ಎಂದೆ. ಬಾಯಿಬಿಟ್ಟೇ ಅಂದಿರಬೇಕು. ನನ್ನ ಬದುಕಿನಲ್ಲಿ ನಾನು ಯಾವುದನ್ನೂ ಅಷ್ಟು ಬೇಡಿಕೊಂಡಿಲ್ಲ. ಅದು ತುಂಡಾದರೆ ನಾನು ಇಳಿದು, ಕಲ್ಲಿಗೆ ಅವಳನ್ನು ಒರಗಿಸಿ, ಪಕ್ಕದಲ್ಲಿ ಕೂತು, ನೋಡು ಗಂಗಾ, ನಾನು ಹೇಳಿರಲಿಲ್ಲವೇ ಎನ್ನಬಹುದಿತ್ತು.

ಹನ್ನೊಂದನೆಯ ಕಲ್ಲು ದಾಟಿತು. ಅಲ್ಲಿಗೆ ಪ್ರಯೋಗ ಮುಗಿದಿತ್ತು. ಆದರೂ ತುಳಿಯುವುದನ್ನು ನಿಲ್ಲಿಸಲಿಲ್ಲ, ಕಡಿಮೆಯೂ ಮಾಡಲಿಲ್ಲ. ಹತ್ತು, ಒಂಬತ್ತು, ಎಂಟು. ಅಂಗಿಯೆಲ್ಲ ನೆನೆದು ಬೆನ್ನಿನ ಪಟ್ಟಿ ಜಾರುತ್ತಿತ್ತು. ಚೈನು ಜೋಲುತ್ತ, ಬಡಿಯುತ್ತ, ಒಂದೇ ಸಮನೆ ತಿರುಗುತ್ತಿತ್ತು.

ಗೇಟಿನಲ್ಲಿ ಜನ ಸೇರಿದ್ದರು. ಹಾಲಪ್ಪನವರು ಮುಂದೆ ಬಂದು ಮಗಳ ಮೇಲಿನ ಬಟ್ಟೆಯನ್ನು ಹಿಡಿದುಕೊಂಡು ನಿಂತರು. ನಾಲ್ಕು ಜನ ಸೇರಿ ಪಟ್ಟಿ ಬಿಚ್ಚಿ ಅವಳನ್ನು ಇಳಿಸಿದರು. ದ್ಯಾಮಣ್ಣ ಸೈಕಲ್ಲಿನ ಹ್ಯಾಂಡಲು ಹಿಡಿದುಕೊಂಡ. ಅದು ಯಾರ ಸೈಕಲ್ಲೆಂದು ಅವನಿಗೆ ಗೊತ್ತಾಯಿತು. ಚೈನಿನ ಮೇಲೂ ಒಂದು ಸಲ ಕಣ್ಣಾಡಿಸಿದ. ಬಂದವರನ್ನೆಲ್ಲ ಕೇಳುವುದನ್ನೇ ನನ್ನನ್ನೂ ಕೇಳಿದ.

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ಲ ತಾನೆ ಸಾರ್?"

"ಇಲ್ಲ," ಎಂದೆ. "ಏನೂ ಆಗಲಿಲ್ಲ."